ಜ್ವಾಲಾಮುಖಿಯ ಬುಡದಲ್ಲೊಂದು ಮಗ್ಗದ ಗುಂಡಿ

ಚಳ್ಳಕೆರೆಯಿಂದ ಮೋಡದವರೆಗೆ

ಪರದೇಶಕ್ಕೆ ಹೋಗಿಬಂದವರೆಲ್ಲ ವಿಮಾನದ ಕಿಟಕಿಯಿಂದ ಕಂಡ ಮೋಡಗಳನ್ನು ಬಣ್ಣಿಸುತ್ತಾರೆ. ನನಗೆ ಆ ಭಾಗ್ಯ ಇರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ನಮ್ಮ ರಾಮಾಂಜಿ ಮಾವ ಬೆಂಗಳೂರಿನಲ್ಲಿ ಎಳೆದ ಮುಚ್ಚಳವನ್ನು ಬಾರ್ಸಿಲೋನಾದಲ್ಲಿ ಇಳಿಯುವವರೆಗೂ ತೆರೆಯಲಿಲ್ಲ.

“ನೋಡಿದ್ರೆ ವಿಮಾನ, ನೋಡ್ದಿದ್ರೆ ಪರಶುರಾಂಪುರದ ಬಸ್ಸು. ಸುಮ್ಕೆ ಕೂತ್ಕಳಲೇ” ಎಂದರು.

ಪರಶುರಾಂಪುರದ ಬಸ್ಸಾದರೆ ಈರುಳ್ಳಿ ಚೀಲ ಇರಬೇಕು, ಕುರಿ ಇರಬೇಕು, ಇಲ್ಲಿ ಎರಡೂ ಇಲ್ಲವಲ್ಲ ಎಂದೆ. ಮಾವ ಊಟದ ತಟ್ಟೆಯಲ್ಲಿದ್ದ ಈರುಳ್ಳಿ ಚೂರನ್ನು ಎತ್ತಿ ತೋರಿಸಿದರು. ಕುರಿ ಎಲ್ಲಿ ಎಂದಾಗ, “ನನ್ನ ಪಕ್ಕದಾಗೇ ಕೂತೈತೆ” ಎಂದು ಕಣ್ಣು ಮುಚ್ಚಿದರು.

ಮಾವನನ್ನು ಪರಿಚಯಿಸಬೇಕು. ನಮ್ಮ ಅವ್ವನ ಅಣ್ಣ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ದಾರ ಕಡಿದಾಗ ಎರಡೂ ಒಟ್ಟಿಗೆ. ಅವರದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ತುಳಿಯುವ ಹಲಗೆಗಳನ್ನು ಒತ್ತುತ್ತಾ ನೇಯುವುದು. ಬುದ್ಧಿ ಬಂದಾಗಿನಿಂದ ಸೊಂಟದವರೆಗೆ ಭೂಮಿಯೊಳಗೇ ಬದುಕಿದ ಮನುಷ್ಯನನ್ನು ಒಮ್ಮೆಲೇ ಮೋಡಕ್ಕೆತ್ತಿದರೆ ಮುಚ್ಚಳ ಎಳೆಯದೆ ಇನ್ನೇನು ಮಾಡಿಯಾರು?

ಇನ್ನು ನಾನು, ಓಬಳೇಶ. ಚಳ್ಳಕೆರೆಯಲ್ಲಿ ಆಟೊದ ಮೇಲೆ ಮೈಕು ಕಟ್ಟಿಕೊಂಡು ಸುತ್ತುವ ಜಾಹೀರಾತುಗಳಲ್ಲಿ ಸೀರೆ ಅಂಗಡಿಗೆ ಬಾಗಿ ಬಳುಕುವ ಹೆಣ್ಣಿನ ದನಿ, ಬೋರ್‌ವೆಲ್ ಮೋಟಾರಿಗೆ ಗುಡುಗುವ ಗಂಡಿನ ದನಿ ಕೇಳುತ್ತದಲ್ಲ, ಎರಡೂ ನಾನೇ. ಮಾರುಕಟ್ಟೆಯಲ್ಲಿ ಶೇಂಗಾ ಹರಾಜು ಕೂಗುವವರ ಅನುಕರಣೆ ಮಾಡಿ ಒಮ್ಮೆ ಒಂದು ರಾಶಿಯ ಧಾರಣೆಯನ್ನೇ ಏರಿಸಿದ್ದೇನೆ. ಅಂದಿನಿಂದ ಹರಾಜಿನ ಹೊತ್ತಿಗೆ ನನ್ನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ಇಂಥ ಪ್ರತಿಭಾವಂತನನ್ನು ಮಾವ ಜೊತೆಗೆ ಕರೆದುಕೊಂಡದ್ದು ಪ್ರೀತಿಯಿಂದಲ್ಲ. ಮೂರು ಲಾಳಿಯ ಸೀರೆಗೆ ಇಬ್ಬರು ಬೇಕು. ಒಡಲಿನ ಲಾಳಿಯನ್ನೂ ಬಲ ಅಂಚಿನ ಲಾಳಿಯನ್ನೂ ಮಾವ ಎಸೆಯುತ್ತಾರೆ. ಎಡ ಅಂಚಿನ ಲಾಳಿಯನ್ನು ಮದುವೆಯಾದಾಗಿನಿಂದ ಎಸೆಯುತ್ತಾ ಬಂದವರು ಸುಬ್ಬಕ್ಕ ಅತ್ತೆ. ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಅತ್ತೆ, “ನನ್ನ ಆಡು ಯಾರು ನೋಡ್ತಾರೆ? ನಾನು ಒಲ್ಲೆ” ಎಂದುಬಿಟ್ಟರು. ಎರಡು ಆಡಿಗಾಗಿ ಒಂದು ಖಂಡ ಬಿಟ್ಟುಕೊಟ್ಟ ಹೆಣ್ಣುಮಗಳು.

ಹೋಗುತ್ತಿದ್ದದ್ದು ಸ್ಪೇನ್ ದೇಶದ ಮೂಲೆಯ ಓಲೋಟ್ ಎಂಬ ಊರಿಗೆ. ಸುತ್ತ ಗರೋಚಾ ಎಂಬ ಸೀಮೆ. ಅಲ್ಲಿ ಸಣ್ಣ ಸಣ್ಣ ಜ್ವಾಲಾಮುಖಿಗಳ ಹಿಂಡೇ ಇದೆ. ಆ ಊರಿನ ಒಂದು ಜ್ವಾಲಾಮುಖಿ ಪ್ರದರ್ಶನ ಮಂದಿರದವರು ಹೊಸ ಕೊಠಡಿ ಕಟ್ಟಿ, ಗೋಡೆಗೆ ಒಂದು ರೇಷ್ಮೆ ಬಟ್ಟೆ ಬೇಕು, ಸೆರಗಿನಲ್ಲಿ ಗೋಪುರದ ಬದಲು ಬೆಂಕಿಯ ಗುಡ್ಡ ಇರಬೇಕು, ಅದನ್ನು ಅಲ್ಲೇ ನೇಯಬೇಕು ಎಂದು ಕರೆಸಿದ್ದರು. ಉದ್ಘಾಟನೆಯ ದಿನ ಬಟ್ಟೆ ಮಗ್ಗದಿಂದ ಕತ್ತರಿಸಿ ಇಳಿದರೆ ಅಂಥವೇ ಇನ್ನಷ್ಟು ಬಟ್ಟೆಗಳ ಆರ್ಡರು ಮಾವನ ಬೀದಿಗೆ. ಇಳಿಯದಿದ್ದರೆ ಗೋಡೆಗೆ ಒಂದು ಅಚ್ಚು ಹಾಕಿದ ಪರದೆ, ನಮಗೆ ನಮಸ್ಕಾರ.

ಮಾವ ಇಷ್ಟಕ್ಕೇ ಬಿಡಬೇಕಲ್ಲ. ಹೊರಡುವ ಮೊದಲು ಬೀದಿಯ ಪ್ರತಿ ಮನೆಯ ಬಾಗಿಲಲ್ಲೂ ನಿಂತು, “ಬೇರೆ ಹಾಸು ಹೂಡಬ್ಯಾಡ್ರಿ, ಮಗ್ಗ ಖಾಲಿ ಇಟ್ಕೊಂಡಿರ್ರಿ, ನಾನು ಕೆಲಸ ತರ್ತೀನಿ” ಎಂದು ಹೇಳಿಬಂದಿದ್ದರು. ಬೀದಿ ನಂಬಿತು. ಬಂದ ಕೆಲಸಗಳನ್ನು ವಾಪಸ್ ಕಳಿಸಿ, ಮಗ್ಗಗಳ ಮೇಲೆ ಬಟ್ಟೆ ಹೊದಿಸಿ ಕೂತಿತು.

ಓಲೋಟ್: ಕಿಟ್ಟದ ಊರು

ಬೆಂಕಿ, ಹೊಗೆ, ಕೆಂಪಗೆ ಕುದಿಯುವ ಹೊಂಡ ಅಂದುಕೊಂಡು ಹೋಗಿದ್ದೆ. ಕಂಡದ್ದು ಹಸಿರು. ನಾಚಿಕೆ ಇಲ್ಲದಷ್ಟು ಹಸಿರು. ಊರ ನಡುವೆಯೇ ಒಂದು ಗುಂಡಗಿನ ಗುಡ್ಡ. ಸಂಜೆ ಮುದುಕರು ನಾಯಿ ಹಿಡಿದು ಅದರ ನೆತ್ತಿಗೆ ವಾಯುವಿಹಾರ ಹೋಗುತ್ತಾರೆ. ನೆತ್ತಿಯಲ್ಲಿ ಬೋಗುಣಿಯಂಥ ತಗ್ಗು, ತಗ್ಗಿನ ತುಂಬ ಹುಲ್ಲು. ಅದೇ ಜ್ವಾಲಾಮುಖಿಯ ಬಾಯಂತೆ. ನಮ್ಮ ಕಡೆ ಟಾರು ಕಾಯಿಸುವ ಡ್ರಮ್ಮು ಇದಕ್ಕಿಂತ ಭಯಂಕರವಾಗಿರುತ್ತದೆ.

ನಮ್ಮನ್ನು ನೋಡಿಕೊಳ್ಳಲು ಪ್ರದರ್ಶನ ಮಂದಿರದಿಂದ ಬಂದವಳು ನೂರಿಯಾ. ಕಲ್ಲು ಮಣ್ಣು ಓದಿಕೊಂಡ ಭೂವಿಜ್ಞಾನಿ. ಇಂಗ್ಲಿಷಿನಲ್ಲಿ ಮಾತಾಡುವಳು, ನನ್ನ ಇಂಗ್ಲಿಷನ್ನು ಸಹಿಸುವಷ್ಟು ಒಳ್ಳೆಯವಳು. ಕಲ್ಲು ಕಂಡರೆ ಮಾತಿನ ನಡುವೆಯೇ ಬಗ್ಗಿ ಎತ್ತಿಕೊಂಡು, ಮೂಸಿ, ಜೇಬಿಗಿಳಿಸುವಳು. ಅವಳ ನಡೆಯನ್ನು ನಾನು ಮೊದಲ ದಿನವೇ ಕಲಿತುಬಿಟ್ಟೆ. ಜೇಬುಗಳ ಭಾರಕ್ಕೆ ಕೋಟು ಜೋತುಬಿದ್ದು ಬಾತುಕೋಳಿಯ ಹಾಗೆ ಹೋಗುತ್ತಾಳೆ. ನಾನು ಹಿಂದೆ ಹಾಗೇ ನಡೆಯುವಾಗ ತಿರುಗಿ ನೋಡಿ ಹಿಡಿದುಬಿಟ್ಟಳು. “ಎಡಗಾಲು ಇನ್ನೂ ಸ್ವಲ್ಪ ಎಳೆಯಬೇಕು, ಬಸಾಲ್ಟು ಕಲ್ಲು ಆ ಕಡೆ ಜೇಬಲ್ಲಿದೆ” ಎಂದು ತಿದ್ದಿದಳು. ಅಣಕಿಸಿದವನಿಗೆ ಪಾಠ ಹೇಳಿಕೊಡುವವರ ಮುಂದೆ ನಮ್ಮ ವಿದ್ಯೆ ನಡೆಯುವುದಿಲ್ಲ.

ಅಲ್ಲಿಯ ಜನರ ಊಟದ ಬಗ್ಗೆ ಒಂದು ಮಾತು. ಮಧ್ಯಾಹ್ನದ ಊಟ ನಮ್ಮಲ್ಲಿ ಸಂಜೆ ಚಹಾಕ್ಕೆ ಹಾಲು ಕಾಯಿಸುವ ಹೊತ್ತಿಗೆ. ಅದಕ್ಕೂ ಮೊದಲು ಬ್ರೆಡ್ಡಿಗೆ ಟೊಮೆಟೊ ಉಜ್ಜುತ್ತಾರೆ. ಹಚ್ಚುವುದಲ್ಲ, ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಾರೆ. ರಸವೆಲ್ಲ ಬ್ರೆಡ್ಡು ಕುಡಿದ ಮೇಲೆ ಟೊಮೆಟೊ ಸಿಪ್ಪೆಯನ್ನು ಎಸೆಯುತ್ತಾರೆ. ಮಾವ ಆ ಸಿಪ್ಪೆಯನ್ನೇ ದಿಟ್ಟಿಸಿ, “ಇದ್ರಾಗೆ ನಿಮ್ಮತ್ತೆ ಎಂಟು ಮಂದಿಗೆ ಸಾರು ಮಾಡ್ತಿದ್ಲು” ಎಂದರು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದರೆ ಬಟ್ಟೆ ಇಳಿಯುವವರೆಗೂ ಮಾವ ಮಾಂಸ ಮುಟ್ಟುವುದಿಲ್ಲ. ಆ ಊರಲ್ಲಿ ಸೊಪ್ಪಿನ ಪಲ್ಯದಲ್ಲೂ ಹಂದಿ ಇಣುಕುತ್ತದೆ. ಬೂದಿ ಮಣ್ಣಲ್ಲಿ ಬೆಳೆವ ಅಲಸಂದೆಯಂಥ ಪುಟ್ಟ ಬಿಳಿ ಕಾಳು ಸಿಕ್ಕಿತು, ಮಾವ ಉಳಿದುಕೊಂಡರು. ಆಮೇಲೆ ಮೂರು ಹೊತ್ತೂ ಅದೇ ಕಾಳು.

ಕತ್ತರಿಸಿದ ಗುಡ್ಡ

ನೆಲ ತೋಡುವ ಮೊದಲು ನೆಲ ಹೇಗಿದೆ ನೋಡಿ ಎಂದು ನೂರಿಯಾ ನಮ್ಮನ್ನು ಊರಾಚೆಯ ಒಂದು ಗುಡ್ಡಕ್ಕೆ ಕರೆದೊಯ್ದಳು. ಹಿಂದೆ ಯಾವಾಗಲೋ ಜಲ್ಲಿಗಾಗಿ ಅದನ್ನು ಪಕ್ಕದಿಂದ ಅಗೆಯುತ್ತಾ ಹೋಗಿ, ಬೇಕರಿಯ ಕೇಕಿನಿಂದ ಒಂದು ತುಂಡು ತೆಗೆದಂತೆ ಮಾಡಿಟ್ಟಿದ್ದಾರೆ. ಒಳಗೆ ಪದರ ಪದರ. ಕೆಲವು ಕಪ್ಪು, ಕೆಲವು ಇಟ್ಟಿಗೆಗೆಂಪು. ಬಿಸಿ ಅನಿಲ ತಾಕಿ ಕಲ್ಲೊಳಗಿನ ಕಬ್ಬಿಣ ತುಕ್ಕು ಹಿಡಿದದ್ದೇ ಆ ಕೆಂಪಂತೆ. ಕಲ್ಲು ಎತ್ತಿಕೊಂಡೆ. ಕೈ ಭಾರಕ್ಕೆ ಸಿದ್ಧವಾಗಿತ್ತು, ಕಲ್ಲು ಹಗುರ. ನನ್ನ ಮುಖಕ್ಕೇ ಹೊಡೆದುಕೊಳ್ಳುವುದರಲ್ಲಿದ್ದೆ. ಮೈಯೆಲ್ಲ ತೂತು.

“ಕುಲುಮೆ ಕಿಟ್ಟ ಇದು” ಎಂದರು ಮಾವ. ಸರಿಯೇ. ಕಮ್ಮಾರ ಕಬ್ಬಿಣ ಕಾಯಿಸಿದ ಮೇಲೆ ಉಳಿಯುವ ಕಿಟ್ಟದ ಹಾಗೇ ಇತ್ತು.

ನೂರಿಯಾ ಹೇಳಿದಳು: ಒಳಗಿಂದ ಕಲ್ಲಿನ ರಸ ನೊರೆನೊರೆಯಾಗಿ ಚಿಮ್ಮುತ್ತದೆ, ಗಾಳಿಯಲ್ಲೇ ಆರಿ ಕಿಟ್ಟವಾಗಿ ಸುತ್ತ ಬೀಳುತ್ತದೆ, ಬಿದ್ದು ಬಿದ್ದು ಗುಡ್ಡವಾಗುತ್ತದೆ. ಕೊನೆಗೆ ನೊರೆ ಮುಗಿದ ರಸ ಬುಡದಿಂದ ಹರಿದುಹೋಗುತ್ತದೆ. ಇಲ್ಲಿಯ ಗುಡ್ಡಗಳ ವಿಶೇಷ ಏನೆಂದರೆ ಒಂದೊಂದೂ ಬದುಕಿನಲ್ಲಿ ಒಂದೇ ಸಲ ಉಕ್ಕಿದ್ದು. ಕೆಲವು ವಾರವೋ ತಿಂಗಳೋ ಕೂಗಾಡಿ, ಆಮೇಲೆ ಶಾಶ್ವತ ಮೌನ. ಮುಂದಿನ ಸಲ ಉಕ್ಕುವುದು ಇನ್ನೊಂದು ಕಡೆ. ಎಲ್ಲಿ ಎಂದು ಮೊದಲೇ ಹೇಳಲಾಗದು.

ನಾನು ಇದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಅವರು ಯೋಚಿಸಿ, “ನಿಮ್ಮತ್ತೆಗೂ ಇದನ್ನ ಹೇಳಬೇಕು ಕಣಲೇ. ಒಂದೇ ಸಲ ಕೂಗಾಡಿ ಸುಮ್ಮನಾಗೋರೂ ಲೋಕದಾಗೆ ಅದಾರೆ” ಎಂದರು.

ಬರುವಾಗ ನೂರಿಯಾ ನಮ್ಮ ಜಿಲ್ಲೆ ಯಾವುದೆಂದು ಕೇಳಿದಳು. ಚಿತ್ರದುರ್ಗ ಎಂದದ್ದೇ ಗಾಡಿಯನ್ನು ಪಕ್ಕಕ್ಕೆ ಹಾಕಿದಳು. ಮರಡಿಹಳ್ಳಿಯ ದಿಂಬುಗಲ್ಲು ನೋಡಿದ್ದೀರಾ? ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದೊಳಗೆ ಉಕ್ಕಿದ ಲಾವಾ, ದಿಂಬು ಜೋಡಿಸಿದಂತೆ ಆರಿ ನಿಂತಿದೆಯಲ್ಲ! ಅದರ ಮುಂದೆ ನಮ್ಮವೆಲ್ಲ ನಿನ್ನೆ ಹುಟ್ಟಿದ ಕೂಸು! ಸಾಯುವುದರೊಳಗೆ ಅದನ್ನು ಮುಟ್ಟಬೇಕೆಂದು ಆಸೆ!

ದುರ್ಗದಿಂದ ಹಿರಿಯೂರಿಗೆ ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ನಿದ್ದೆ ಹೊಡೆಯಲು ನನಗೇ ಒಂದು ದಿಂಬು ಸಾಲದು ಎನಿಸಿತ್ತೇ ಹೊರತು ಹೊರಗೆ ದಿಂಬುಗಳಿವೆ ಎಂದು ಯಾರೂ ಹೇಳಿರಲಿಲ್ಲ. “ನೋಡಿದ್ದೇನೆ, ಬಹಳ ಮೆತ್ತಗಿವೆ” ಎಂದೆ. ನೂರಿಯಾ ನನ್ನತ್ತ ನೋಡಿದ ನೋಟವನ್ನು ಅನುಕರಿಸಲು ಈವರೆಗೂ ನನಗೆ ಆಗಿಲ್ಲ.

ಸೋರುವ ನೆಲ

ಪ್ರದರ್ಶನ ಮಂದಿರದ ತೋಟದಲ್ಲಿ, ಊರ ನಡುವಿನ ಆ ಗುಡ್ಡದ ಬುಡಕ್ಕೇ, ಡೇರೆ ಹಾಕಿಕೊಟ್ಟಿದ್ದರು. ಮಾವ ನೆಲಕ್ಕೆ ಕೈಮುಗಿದು ಗುದ್ದಲಿ ಹಾಕಿದರು. ಹುಲ್ಲು ಬಂತು, ಗೇಣು ಮಣ್ಣು ಬಂತು, ಆಮೇಲೆ ಬರೀ ಕಿಟ್ಟ. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಒಳಕ್ಕೆ ಜಾರುತ್ತಿತ್ತು. ಶೇಂಗಾ ರಾಶಿಯಲ್ಲಿ ಗುಂಡಿ ತೋಡಿದ ಹಾಗೆ. ಮಾವನ ತೆಲುಗು ಶುರುವಾಯಿತು: “ಇದಿ ನೇಲೇನಾ?” ಇದೂ ಒಂದು ನೆಲವೇ ಎಂದು. ಕಿಟ್ಟ ಮತ್ತೆ ಜಾರಿತು.

ಕೊನೆಗೆ ಸುತ್ತ ಹಲಗೆ ನಿಲ್ಲಿಸಿ ಗುಂಡಿ ಮಾಡಿದೆವು. ಊರಿಂದ ತಂದ ಹಾಸು ಬಿಗಿದೆವು. ಮಾವ ಕಾಲು ಇಳಿಬಿಟ್ಟರು, ನಾನು ಎಡಕ್ಕೆ ಕೂತೆ. ಎಳೆ ಕಡಿಯಿತು. ಗಂಟು ಹಾಕಿದರು. ಮತ್ತೊಂದು ಎಳೆ ಕಡಿಯಿತು. ಮಧ್ಯಾಹ್ನದ ಹೊತ್ತಿಗೆ ನೇಯ್ದದ್ದು ಬೆರಳಗಲ, ಗಂಟು ಹಾಕಿದ್ದು ಗೋಣಿ ತುಂಬ.

ನಮ್ಮ ಮೊಳಕಾಲ್ಮೂರಿನ ಗುಂಡಿಗಳಲ್ಲಿ ಒಂದು ಗುಟ್ಟಿದೆ. ಹೊರಗೆ ಎಷ್ಟೇ ಬಿಸಿಲಿರಲಿ, ಮಣ್ಣು ತೇವ ಹಿಡಿದಿರುತ್ತದೆ. ಆ ತಂಪು ಮೇಲೆ ಬಂದು ರೇಷ್ಮೆ ಎಳೆ ಮೆತ್ತಗಿರುತ್ತದೆ. ಬೇಸಿಗೆಯಲ್ಲಿ ಅತ್ತೆ ಒಂದು ಚೊಂಬು ನೀರು ಚೆಲ್ಲಿದರೆ ಸಂಜೆಯವರೆಗೆ ಸಾಕು. ಇಲ್ಲಿಯ ಕಿಟ್ಟ ಬಿಸಿಲಿಗೆ ಕಾದು ಬಾಣಲೆಯಾಗುತ್ತಿತ್ತು. ಮಾವ ಚೊಂಬು ನೀರು ಹೊಯ್ದರು. ಮಾಯ. ಬಕೆಟ್ಟು ಹೊಯ್ದರು. ಮಾಯ. ದಿನಾ ಸಂಜೆ ಆ ಊರಲ್ಲಿ ಮಳೆ ಬೇರೆ; ಧೋ ಎಂದು ಸುರಿದು ನಿಂತ ಮರುಗಳಿಗೆಯಲ್ಲೇ ನೆಲ ಮಳೆಯನ್ನು ಕಂಡೇ ಇಲ್ಲವೆಂಬಂತೆ ಒಣಗಿ ಕೂತಿರುತ್ತಿತ್ತು. ತೂತುಗಲ್ಲಿನ ರಾಶಿಯಲ್ಲಿ ನೀರು ನಿಲ್ಲುವುದೆಲ್ಲಿ?

ಬೇಲಿಯಾಚೆ ಊರ ಜನ ನಿಂತು ನೋಡುತ್ತಿದ್ದರು. ಭಾರತದಿಂದ ಬಂದ ಹಿರಿಯರೊಬ್ಬರು ಮೂರು ದಿನದಿಂದ ಒಂದು ಗುಂಡಿಗೆ ನೀರು ಹಾಕುತ್ತಿದ್ದಾರೆ. ಏನು ಬೆಳೆಯುತ್ತದೋ ಎಂದು ಕಾದಿದ್ದರೆಂದು ಕಾಣುತ್ತದೆ. ಮಳೆ ಕಾಣದ ಸೀಮೆಯವರು ಮಳೆ ಬಿಡದ ಸೀಮೆಗೆ ಹೋಗಿ ನೀರು ಹೊತ್ತ ಕಥೆಯನ್ನು ಚಳ್ಳಕೆರೆಯಲ್ಲಿ ಹೇಳಿದರೆ ಆಟೊದವರು ಮೈಕು ಕಿತ್ತುಕೊಂಡಾರು.

ನೂರಿಯಾ ಒಳಗಿನ ಕೋಣೆಯಲ್ಲಿ ಗುಂಡಿ ಬೇಡದ ಒಂದು ನಿಲುಮಗ್ಗ ಹೊಂದಿಸಿ ಕೊಡುತ್ತೇನೆಂದಳು. ಮಾವ ತಲೆ ಅಲ್ಲಾಡಿಸಿದರು. “ಸ್ಟೂಲಿನ ಮ್ಯಾಲೆ ಕೂತು ಕಾಲು ತೂಗಾಡಿಸ್ಕಂತ ನೇಯಾದು ಉಯ್ಯಾಲೆ ಮ್ಯಾಲೆ ಕೂತು ಉಂಡಂಗೆ. ಆಗಾದಿಲ್ಲ ಅಂತ ಹೇಳು.”

“ಮಾವ, ಉದ್ಘಾಟನೆ ಭಾನುವಾರ ಐತೆ. ಬೀದಿ ಮಂದಿ ಮಗ್ಗ ಖಾಲಿ ಇಟ್ಕೊಂಡು ಕೂತವ್ರೆ.”

“ಗೊತ್ತೈತೆ.”

“ಹಠ ಬಿಡ್ರಿ ಮತ್ತೆ.”

“ಹಠ ಅಲ್ಲಲೇ. ನನಗೆ ಬರಾದೇ ಅಷ್ಟು.” ಆ ಮಾತನ್ನು ಮಾವ ನೆಲ ನೋಡುತ್ತಾ ಹೇಳಿದರು. ಅಣಕಿಸಲು ನನಗೆ ಮನಸ್ಸಾಗದ ಒಂದೇ ಒಂದು ಮಾತು ಆ ಪ್ರವಾಸದಲ್ಲಿ ಅದು.

ಆಗಲೇ ಅತ್ತೆಯ ವಿಡಿಯೊ ಕರೆ ಬಂತು. ಹಿಂದೆ ಒಂದು ಆಡು ಮೆಲುಕು ಹಾಕುತ್ತಿತ್ತು. “ಎಷ್ಟು ಮೊಳ ಆತು?” ಎಂದರು. ಮಾವ ಫೋನನ್ನು ನನ್ನ ಕೈಗೆ ಕೊಟ್ಟು ಗುಡ್ಡ ನೋಡಲು ಹೋದರು. “ಸಿಗ್ನಲ್ ಇಲ್ಲ ಅತ್ತೆ, ಕಟ್ ಕಟ್ ಆಗ್ತೈತೆ” ಎಂದು ನಾನೇ ಬಾಯಲ್ಲಿ ಗೊರ ಗೊರ ಸದ್ದು ಮಾಡಿದೆ. ಅತ್ತೆ, “ಲೇ ಓಬ, ಸಿಗ್ನಲ್ ಹೋದ್ರೆ ಚಿತ್ರಾನೂ ನಿಲ್ತೈತೆ, ನಿನ್ನ ಬಾಯಿ ಅಲ್ಲಾಡಾದು ಕಾಣ್ತಾ ಐತೆ” ಎಂದರು.

ಉಸಿರು ಬಿಡುವ ನೆಲಮಾಳಿಗೆ

ಆ ರಾತ್ರಿಯೆಲ್ಲ ನೂರಿಯಾಳೂ ಯೋಚಿಸಿದ್ದಳೇನೋ. ಬೆಳಿಗ್ಗೆ ಬಂದದ್ದೇ, ನಿಮ್ಮ ಗುಂಡಿಗೆ ಬೇಕಾದದ್ದು ಮಣ್ಣೋ ತಂಪೋ ಎಂದು ಕೇಳಿದಳು. ಮಾವ ತಂಪು ಎಂದರು. ಹಾಗಾದರೆ ಬನ್ನಿ ಎಂದು ಹಳೆಯ ಬೀದಿಯ ಒಂದು ಮನೆಗೆ ಕರೆದೊಯ್ದಳು.

ಮನೆಯೊಡತಿ ಮೊಂಸೆ. ಮಾವನಿಗಿಂತ ಹಿರಿಯಳು, ಮಾವನ ಎರಡರಷ್ಟು ದನಿ. ಬಾಗಿಲು ತೆರೆದವಳೇ ಅಲ್ಲಿಯ ಪದ್ಧತಿಯಂತೆ ಮಾವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನನಗೂ ಕೊಟ್ಟಳು, ಅದು ಬಿಡಿ. ಮಾವ ಮುಖ ಹಿಂದಕ್ಕೆಳೆಯಲು ಹೋಗಿ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡು, “ಅಮ್ಮಾ… ಅಮ್ಮಾ…” ಎಂದರು. ನೋವಿಗೋ ಗೌರವಕ್ಕೋ ತಿಳಿಯದೆ ಮೊಂಸೆ ಮೂರನೆಯದನ್ನೂ ಕೊಟ್ಟಳು.

ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದೆವು. ಹೊರಗೆ ಬೆವರು, ಒಳಗೆ ಚಳಿ. ಮೂಲೆಯಲ್ಲಿ ಕಪ್ಪು ಬಂಡೆಯ ಒಂದು ಬಿರುಕು. ಅದರಿಂದ ಸುಯ್ ಎಂದು ತಣ್ಣನೆಯ ಗಾಳಿ ಬರುತ್ತಿತ್ತು. ಫ್ಯಾನಿಲ್ಲ, ಯಂತ್ರವಿಲ್ಲ, ಕರೆಂಟು ಬಿಲ್ಲಂತೂ ಇಲ್ಲ.

ನೂರಿಯಾಳ ಕಣ್ಣು ಹೊಳೆಯಿತು. ಈ ಬೀದಿ ನಿಂತಿರುವುದು ಹಳೆಯ ಲಾವಾ ಹರಿವಿನ ಮೇಲೆ. ಹರಿದ ಲಾವಾ ಆರುವಾಗ ಸೀಳಿ ಬಿರುಕುಗಳಾದವು, ಒಳಗೆ ಪೊಳ್ಳುಗಳು ಉಳಿದವು. ಮಳೆ ನೀರು, ಚಳಿಗಾಲದ ಗಾಳಿ ಎಲ್ಲ ಆ ಪೊಳ್ಳುಗಳಲ್ಲಿ ತಂಗಿ, ಬೇಸಿಗೆಯಲ್ಲಿ ತಂಪಾಗಿ, ತೇವವಾಗಿ, ಇಂಥ ಬಾಯಿಗಳಿಂದ ಹೊರಬರುತ್ತವೆ. ಈ ಊರಿನ ಹಳೇ ಮನೆಗಳವರು ಅವರ ತಾತನ ಕಾಲದಿಂದಲೂ ಅದರ ಮುಂದೆ ಹಾಲು, ದ್ರಾಕ್ಷಿ ಮದ್ಯ, ಕಲ್ಲಂಗಡಿ ಇಟ್ಟು ತಣಿಸುತ್ತಾರೆ. ಸೋರಿ ಹೋದ ನೀರೆಲ್ಲ ಎಲ್ಲಿ ಹೋಯಿತೆಂದು ಮಾವ ಮೂರು ದಿನ ಬೈದರಲ್ಲ, ಇಲ್ಲಿಗೆ ಬಂದಿತ್ತು, ಉಸಿರಾಗಿ.

ಮಾವ ಬಿರುಕಿಗೆ ಅಂಗೈ ಹಿಡಿದರು. ಕೆನ್ನೆ ಹಿಡಿದರು. ಜೇಬಿನಿಂದ ಒಂದು ರೇಷ್ಮೆ ಎಳೆ ತೆಗೆದು ಗಾಳಿಗೊಡ್ಡಿ, ಬೆರಳಿಗೆ ಸುತ್ತಿ ಎಳೆದು ನೋಡಿದರು. ಕಡಿಯಲಿಲ್ಲ. ಮೊಂಸೆಯ ಮದ್ಯದ ಜಾಡಿಗಳಿಗೆಂದು ಹಿಂದಿನವರು ತೋಡಿದ್ದ ಒಂದು ತಗ್ಗು ಅಲ್ಲೇ ಬಿರುಕಿನ ಪಕ್ಕ ಇತ್ತು. ಮಾವ ಯಾರನ್ನೂ ಕೇಳದೆ ಅದರಂಚಿಗೆ ಕೂತು ಕಾಲು ಇಳಿಬಿಟ್ಟು, “ಚಾಲು, ಇದಿ ಚಾಲು” ಎಂದರು. ಸಾಕು, ಇದೇ ಸಾಕು.

ಒಂದೇ ತೊಡಕು. ತಲೆಯ ಮೇಲೆ ತೋರಣದಂತೆ ಮೊಂಸೆಯ ಒಣಹಾಕಿದ ಹಂದಿ ಸಾಸೇಜುಗಳು ತೂಗುತ್ತಿದ್ದವು. ಮಾವನ ವ್ರತ ಹೇಳಿದೆ. ಅವಳು ಗೊಣಗುತ್ತಾ ಹೋಗಿ ಹೂವಿನ ಚಿತ್ರದ ಒಂದು ಹಾಸಿಗೆ ಬಟ್ಟೆ ತಂದು ಅವುಗಳ ಮುಂದೆ ಕಟ್ಟಿ, ಈಗಿಲ್ಲ ಎಂಬಂತೆ ಕೈ ತಿರುವಿದಳು. ಮಾವ ವಾಸನೆಗೆ ಮೂಗು ಮುಚ್ಚಿ, ದೇವರಿಗೆ ಕ್ಷಮೆ ಕೇಳಿ, ಮಗ್ಗ ಕಟ್ಟಿದರು.

ಎಡಗಡೆಯವನು

ಎಳೆ ಕಡಿಯುವುದು ನಿಂತಿತು. ಈಗ ತೊಂದರೆ ನಾನು.

ಮಾವ ತುಳಿಯುತ್ತಾರೆ, ಎಳೆಗಳು ಬಾಯಿ ತೆರೆಯುತ್ತವೆ, ನಾನು ಲಾಳಿ ಎಸೆಯಬೇಕು. ನನ್ನ ಅಂಚಿನ ಎಳೆ ಅವರ ಒಡಲಿನ ಎಳೆಗೆ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಕೇಳಲು ಸುಲಭ. ನಾನು ಒಮ್ಮೆ ಬೇಗ, ಒಮ್ಮೆ ತಡ. ಮಾವನಿಗೆ ಜೀವಮಾನವಿಡೀ ಎಡಗಿವಿಯಲ್ಲಿ ಅತ್ತೆಯ “ಹೂಂ” ಕೇಳಿ ಅಭ್ಯಾಸ. ಆ ಹೂಂ ಬಿದ್ದರೇ ಅವರ ಕಾಲು ಏಳುವುದು. ನನ್ನ ಕಡೆಯಿಂದ ಬರೀ ಸೀನು ಬರುತ್ತಿತ್ತು, ಆ ಚಳಿಗೆ.

ನನಗೆ ಬೇಸರ ಕಳೆಯಲು ಒಂದೇ ದಾರಿ ಗೊತ್ತು. ಅತ್ತೆಯ ದನಿ ತೆಗೆದೆ. “ಹೂಂ.”

ಮಾವನ ಕಾಲು ತಾನಾಗಿ ಎದ್ದಿತು.

“ಹೂಂ. ಹೂಂ. ಆಡು ಮೇಯ್ಸಾಕೆ ಹೋಗಿದ್ಯಾ ಏನು, ಬ್ಯಾಗ ತುಳಿ. ಹೂಂ.”

ಮಾವ ತಿರುಗಿ ನೋಡಲಿಲ್ಲ. ಕೈಕಾಲು ಗಡಿಯಾರವಾದವು. ಹೂಂ, ಟಕ್, ಹೂಂ, ಟಕ್. ಸಂಜೆಗೆ ಗೇಣು ಇಳಿಯಿತು. ಮರುದಿನವೂ ಅತ್ತೆಯಾದೆ. ಆದರೆ ಸುಮ್ಮನೆ ಹೂಂ ಎನ್ನುತ್ತಾ ಕೂರಲು ನಾನೇನು ಅತ್ತೆಯೇ? ನಡುನಡುವೆ ಒಗ್ಗರಣೆ. “ಅದ್ಯಾರೋ ಮುತ್ತು ಕೊಟ್ಲಂತೆ? ಎರಡಾ, ಮೂರಾ? ಹೂಂ. ಮೂರನೇದು ಯಾವ ಲೆಕ್ಕಕ್ಕೆ? ಹೂಂ.” ಮಾವನ ಹೊಟ್ಟೆ ಕುಲುಕಿತು. ನಗು ಒತ್ತಿಹಿಡಿಯಲು ಹೋಗಿ ಹಲಗೆಯಿಂದ ಕಾಲು ಜಾರಿತು. ಎಳೆಗಳ ಬಾಯಿ ಅರ್ಧ ಮುಚ್ಚಿತು. ನನ್ನ ಲಾಳಿ ಎಲ್ಲಿಗೆ ಹೋಗಬೇಕೋ ಅದಕ್ಕಿಂತ ಮುಂದೆ ನುಗ್ಗಿತು. ಅಂಚು ಒಡಲಿನೊಳಗೆ ಒಂದು ಅಲೆಯಾಗಿ ಬಾಗಿ, ಮತ್ತೆ ಮೆಲ್ಲಗೆ ಹಿಂದೆ ಸರಿಯಿತು.

ಊರಲ್ಲಾಗಿದ್ದರೆ ಮಾವ ಅಷ್ಟನ್ನೂ ಬಿಚ್ಚುತ್ತಿದ್ದರು. ಒಂದು ಎಳೆ ತಪ್ಪಿದರೂ ಬಿಚ್ಚುವ ಮನುಷ್ಯ. ಇಲ್ಲಿ ಬಿಚ್ಚಲು ದಿನವಿಲ್ಲ. ಅಲೆಯ ಮೇಲೆ ಬೆರಳಾಡಿಸಿ, “ಬೀದಿ ಮಂದಿ ನೋಡಿದ್ರೆ ಉಗೀತಾರೆ. ನಡಿ” ಎಂದು ಮುಂದೆ ನೇಯ್ದರು. ನಾನು ಬಾಯಿ ಮುಚ್ಚಿದರೆ ಲಯ ತಪ್ಪಿ ಕೆಲಸ ನಿಲ್ಲುತ್ತಿತ್ತು. ಬಾಯಿ ಬಿಟ್ಟರೆ ಮಾವ ನಕ್ಕು ಅಂಚು ಡೊಂಕಾಗುತ್ತಿತ್ತು. ನಿಂತ ಮಗ್ಗಕ್ಕಿಂತ ಡೊಂಕು ಅಂಚು ವಾಸಿ ಎಂದು ಇಬ್ಬರೂ ಮಾತಾಡದೆ ಒಪ್ಪಿಕೊಂಡೆವು. ಮೊಂಸೆಯನ್ನು ಮಾಡಿದೆ, ಅಲೆ. ವಿಮಾನದ ಗಗನಸಖಿಯನ್ನು ಮಾಡಿದೆ, ಅಲೆ. ಬಲ ಅಂಚು ರೂಲು ದೊಣ್ಣೆ, ಎಡ ಅಂಚು ಕುಡಿದು ಮನೆಗೆ ಹೋಗುವವನ ಹೆಜ್ಜೆ.

ಭಾನುವಾರ

ಉದ್ಘಾಟನೆಗೆ ಊರೇ ನೆಲಮಾಳಿಗೆಗೆ ಇಳಿಯಲು ಬಂತು. ಹಿಡಿಸದೆ ಸಾಲು ಬೀದಿಯ ತಿರುವು ದಾಟಿತು. ಮಾವ ಕೈಮುಗಿದು, ಕತ್ತರಿ ಹಾಕಿದರು. ಬಟ್ಟೆ ಇಳಿಯಿತು. ಕಪ್ಪು ಒಡಲು, ಬೆಂಕಿಗೆಂಪು ಅಂಚು, ಸೆರಗಿನಲ್ಲಿ ಸಾಲು ಗುಡ್ಡ.

ಅದನ್ನು ಪ್ರದರ್ಶನ ಮಂದಿರದ ಗೋಡೆಗೆ ಒಯ್ಯುವ ಮೊದಲು ಮಾವ ನನ್ನ ತೋಳು ಹಿಡಿದರು. “ಎಡ ಅಂಚು ತಪ್ಪಾಗೈತೆ. ಎಲ್ಲರ ಮುಂದೆ ಹೇಳಿಬಿಡು. ಮುಚ್ಚಿಡಬ್ಯಾಡ.”

ಇದೊಂದು ಸಲ ಏನೂ ಸೇರಿಸದೆ ಹೇಳಿದೆ. ಎಡ ಅಂಚು ತಪ್ಪು, ನಮ್ಮಿಂದಾದ ತಪ್ಪು, ಕ್ಷಮಿಸಿ. ನೂರಿಯಾ ಅದನ್ನು ಅವರ ಭಾಷೆಗೆ ಮಾಡಿದಳು. ಚಪ್ಪಾಳೆ ಬಿತ್ತು. ಎಂಥ ವಿನಯ ಎಂದು ಒಬ್ಬರು ಕಣ್ಣೊರೆಸಿಕೊಂಡರು. ನೂರಿಯಾ ಬಟ್ಟೆಯ ಮುಂದೆ ನಿಂತು ಬಲ ಅಂಚು ತೋರಿಸಿದಳು: ಇದು ಆರಿ ಕಂಬಕಂಬವಾಗಿ ನಿಂತ ಬಸಾಲ್ಟು. ಎಡ ಅಂಚು ತೋರಿಸಿದಳು: ಇದು ಇನ್ನೂ ಹರಿಯುತ್ತಿರುವ ಲಾವಾ. ಒಂದೇ ರಸ, ಎರಡು ಸ್ಥಿತಿ. ಎರಡು ಅಲೆ ಎಲ್ಲೂ ಒಂದೇ ತೆರನಾಗಿಲ್ಲ ನೋಡಿ, ನಮ್ಮ ಗುಡ್ಡಗಳ ಹಾಗೆ.

“ಏನಂತೆ?” ಎಂದರು ಮಾವ.

“ತಪ್ಪೇ ಚೆನ್ನಾಗೈತಂತೆ.”

“ಇವ್ರ ಕಣ್ಣಿಗೇನಾಗೈತೆ?”

ಮೊಂಸೆ ಹಾಸಿಗೆ ಬಟ್ಟೆ ಸರಿಸಿ ಸಾಸೇಜು ಹಂಚಿದಳು. ಬಟ್ಟೆ ಇಳಿದಿತ್ತು, ವ್ರತ ಮುಗಿದಿತ್ತು. ಮಾವ ಒಂದು ತುಂಡು ಬಾಯಿಗಿಟ್ಟು, ಇನ್ನೊಂದಕ್ಕೆ ಕೈ ಚಾಚಿದರು.

ಮೊಳಕಾಲ್ಮೂರು

ಊರಿಗೆ ಬಂದಾಗ ಅತ್ತೆ ನನ್ನ ಫೋನಿನಲ್ಲಿದ್ದ ಬಟ್ಟೆಯ ಚಿತ್ರವನ್ನು ಎಳೆದು ದೊಡ್ಡದು ಮಾಡಿ ಎಡ ಅಂಚು ಒಂದೇ ನೋಡಿದರು. “ನನ್ನ ಜಾಗದಾಗೆ ಕತ್ತೆ ಕೂರಿಸಿದ್ಯಾ?” ಎಂದರು ಮಾವನಿಗೆ. ನಾನು ಎದುರಿಗೇ ಇದ್ದೆ.

ಆರ್ಡರು ಬಂತು. ಬೀದಿಗೆಲ್ಲ ಸಾಕಾಗುವಷ್ಟು. ಒಂದೇ ಷರತ್ತು: ಎಡ ಅಂಚು ಹಾಗೇ ಇರಬೇಕು, ಯಾವ ಅಲೆಯೂ ಇನ್ನೊಂದರಂತೆ ಇರಬಾರದು.

ಇಡೀ ಬೀದಿಗೆ ತಲೆಬಿಸಿ. ತಲೆತಲಾಂತರದಿಂದ ತಪ್ಪದೆ ನೇಯಲು ಕಲಿತವರು ಈಗ ತಪ್ಪು ಮಾಡಬೇಕು. ಬೇಕೆಂದೇ ಡೊಂಕು ಮಾಡಿದರು. ಡೊಂಕೂ ಸಾಲಾಗಿ, ಅಳೆದಂತೆ, ಗೋಪುರದ ಅಂಚಾಗಿಯೇ ಬಂತು. ಕೈ ಮಾತು ಕೇಳಲಿಲ್ಲ. ಇದಕ್ಕೆ ಯೋಗ್ಯ ನೀನೇ ಎಂದು ಚಳ್ಳಕೆರೆಯಿಂದ ನನ್ನನ್ನು ಕರೆಸಿ ಎಡಕ್ಕೆ ಕೂರಿಸಿದರು. ದುರದೃಷ್ಟಕ್ಕೆ ಅಷ್ಟರಲ್ಲಿ ನಾನು ಕಲಿತುಬಿಟ್ಟಿದ್ದೆ. ನನ್ನ ಅಂಚೂ ನೆಟ್ಟಗೆ ಬಂತು.

“ಏಳಲೇ ಮ್ಯಾಲೆ. ನೆಟ್ಟಗೆ ಒಂದು ತಪ್ಪು ಮಾಡಾಕೂ ಬರಾದಿಲ್ಲ” ಎಂದು ಅತ್ತೆ ತಮ್ಮ ಜಾಗಕ್ಕೆ ಕೂತರು. ಕಣ್ಣು ಮುಚ್ಚಿ ಎಸೆದರೂ ಲಾಳಿ ಗೆರೆ ಬಿಡಲಿಲ್ಲ. ಮಾವ ತಲೆ ಮೇಲೆ ಕೈ ಹೊತ್ತರು. ಆಚೆ ಬಾಗಿಲಲ್ಲಿ ಬೀದಿಯವರು ನಿಂತಿದ್ದರು, ಮಗ್ಗ ಖಾಲಿ ಇಟ್ಟುಕೊಂಡವರು.

ನನಗೆ ನೆಲಮಾಳಿಗೆ ನೆನಪಾಯಿತು. ಮಗ್ಗದ ಪಕ್ಕ ನಿಂತು, ಮೊಂಸೆ ಬಾಗಿಲು ತೆರೆದದ್ದು, ಮಾವ ಹಿಂದಕ್ಕೆ ಸರಿದದ್ದು, ಚೌಕಟ್ಟಿಗೆ ಬಡಿದದ್ದು, “ಅಮ್ಮಾ… ಅಮ್ಮಾ…” ಎಂದದ್ದು, ಮೂರನೆಯದೂ ಬಿದ್ದದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ಅತ್ತೆ ತುಟಿ ಬಿಗಿಹಿಡಿದರು. ಹೆಗಲು ಕುಲುಕಿತು. ಲಾಳಿ ಜಾರಿತು. ಅಂಚಿನಲ್ಲಿ ಒಂದು ಅಲೆ, ಓಲೋಟಿನದಕ್ಕಿಂತ ಚಂದ.

ಅಂದಿನಿಂದ ನಾನು ಆ ಬೀದಿಯ ಕಾಯಂ ನೌಕರ. ಮನೆಯಿಂದ ಮನೆಗೆ ಹೋಗಿ ಮಗ್ಗದ ಪಕ್ಕ ನಿಂತು ಅಣಕಿಸುವುದು ಕೆಲಸ. ಒಂದೇ ಕಷ್ಟ. ಒಂದು ಅಣಕ ಒಬ್ಬರ ಮೇಲೆ ಒಂದೇ ಸಲ ಕೆಲಸ ಮಾಡುತ್ತದೆ. ಎರಡನೆಯ ಸಲ ಉಕ್ಕುವುದಿಲ್ಲ, ತಣ್ಣಗೆ ಕೂತಿರುತ್ತದೆ. ನೂರಿಯಾ ಹೇಳಿದ್ದು ಆಗ ಅರ್ಥವಾಯಿತು. ಮುಂದಿನದು ಎಲ್ಲಿ ಉಕ್ಕುತ್ತದೋ ನನಗೂ ತಿಳಿಯದು. ಹರಾಜಿನವರು, ಕಂಡಕ್ಟರು, ನೂರಿಯಾಳ ಬಾತುಕೋಳಿ ನಡಿಗೆ, ಪುರೋಹಿತರು, ಎರಡೂ ಆಡು, ಎಲ್ಲ ಖರ್ಚಾದವು.

ಮೊನ್ನೆ ಅತ್ತೆಯ ಮುಂದೆ ಬರಿಗೈಯಲ್ಲಿ ನಿಂತೆ. ಸೆರಗಿಗೆ ಇನ್ನೂ ಮೊಳ ಬಾಕಿ ಇತ್ತು. ಮಾಡಲು ಯಾರೂ ಉಳಿದಿರಲಿಲ್ಲ. ಕೊನೆಗೆ ಎದೆ ಉಬ್ಬಿಸಿ, ಒಂದು ಕಲ್ಲು ಎತ್ತಿಕೊಂಡು, “ಮರಡಿಹಳ್ಳಿ ದಿಂಬಾ? ನೋಡಿದ್ದೇನೆ, ಬಹಳ ಮೆತ್ತಗಿವೆ” ಎಂದೆ. ನನ್ನದೇ ದನಿಯಲ್ಲಿ, ನನ್ನನ್ನೇ ಅಣಕಿಸಿಕೊಂಡು.

ಅತ್ತೆ ಲಾಳಿಯನ್ನೇ ಕೈಬಿಟ್ಟರು. ಕಣ್ಣೊರೆಸಿಕೊಂಡು ಅಂಚಿನತ್ತ ನೋಡಿ ಹೇಳಿದರು: “ಲೇ ಓಬ, ಇದನ್ನ ಮೊದ್ಲೇ ಮಾಡಾದಲ್ವಾ? ಇಷ್ಟು ದೊಡ್ಡ ಡೊಂಕು ಇದುವರ್ಗೂ ಬಿದ್ದಿರ್ಲಿಲ್ಲ.”